ಹಕ್ಕಿ ನೋಡೋದು ನನ್ನ ಹವ್ಯಾಸ, ಕೆರೆ ಕಾಯೋದು ಯಾರ ಕೆಲಸ?

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯವಳು, ವಯಸ್ಸು 36. ಯಜಮಾನರದು ಬಟ್ಟೆ ಅಂಗಡಿ, ಮಗಳು ಐದನೇ ಕ್ಲಾಸು. ಡಾಕ್ಟರು ನಡೀರಿ ಅಂದರು ಅಂತ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಶುರು ಮಾಡಿದೆ. ನಡೆಯೋಕೆ ಹೋದವಳಿಗೆ ಹಕ್ಕಿ ನೋಡೋ ಹುಚ್ಚು ಹಿಡೀತು. ಆದರೆ ದಡದಲ್ಲಿ ಪ್ಲಾಸ್ಟಿಕ್ಕು, ಊಟದ ಎಲೆ, ಲೋಟ ಬಿದ್ದಿರುತ್ತವೆ. ಅದರ ನಡುವೆ ನಾನು ಹಕ್ಕಿ ನೋಡ್ತಾ ನಿಲ್ಲೋದು ಸ್ವಾರ್ಥ ಅಲ್ವಾ ಅನ್ಸುತ್ತೆ. ಏನಾದ್ರೂ ಮಾಡೋಣ ಅಂದ್ರೆ ಮನೇಲಿ 'ನಿನಗ್ಯಾಕೆ ಊರ ಉಸಾಬರಿ' ಅಂತಾರೆ. ಅತ್ತೆಯವರಂತೂ ಬೆಳಗ್ಗೆ ದೋಸೆ ಹುಯ್ಯೋ ಹೊತ್ತಲ್ಲಿ ಇದೇನು ಅಂತ ಮುಖ ಊದಿಸಿಕೊಳ್ತಾರೆ. ನಾನು ಭಾಷಣ ಮಾಡೋಳಲ್ಲ, ಸಂಘ ಕಟ್ಟೋಳೂ ಅಲ್ಲ. ಹೋದ ಚುನಾವಣೆಯಲ್ಲಿ ವೋಟೂ ಹಾಕಲಿಲ್ಲ, ಹೆಸರು ಇನ್ನೂ ತವರೂರು ಹೊಸದುರ್ಗದಲ್ಲೇ ಇದೆ. ನನ್ನಂಥವಳು ನಾಗರಿಕ ಕರ್ತವ್ಯ ಅಂತ ಏನು ಮಾಡಬಹುದು?

ಉತ್ತರ: ಸ್ವಾರ್ಥದ ಮಾತು ಮೊದಲು ಮುಗಿಸಿಬಿಡೋಣ, ಅದರಲ್ಲಿ ಹುರುಳು ಕಡಿಮೆ. ನಿಮ್ಮೂರಿನ ಗಂಡಸರು ಬೆಳಗ್ಗೆ ಬೆಣ್ಣೆದೋಸೆ ಹೋಟೆಲಿನ ಮುಂದೆ ಒಂದು ತಾಸು ರಾಜಕೀಯ ಮಾತಾಡಿ ಬರುತ್ತಾರೆ. ಅದನ್ನು ಯಾರೂ ಸ್ವಾರ್ಥ ಅನ್ನುವುದಿಲ್ಲ. ಹೆಣ್ಣುಮಗಳೊಬ್ಬಳು ಕೆರೆ ಏರಿ ಮೇಲೆ ಅರ್ಧ ಗಂಟೆ ಸುಮ್ನೆ ನಿಂತರೆ ಮಾತ್ರ 'ಮನೇಲಿ ಕೆಲಸ ಇಲ್ವಾ' ಅನ್ನುವ ಪ್ರಶ್ನೆ ಬರುತ್ತದೆ. ಆ ಅರ್ಧ ಗಂಟೆ ನಿಮ್ಮದು. ಅದಕ್ಕೆ ಸಮಾಜಸೇವೆಯ ಸೀಲು ಬೀಳಲೇಬೇಕು ಅಂತಿಲ್ಲ.

ಆದರೆ ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ದಾರಿ ಇದೆಯಾ ಅಂತ ಕೇಳುತ್ತಿದ್ದೀರಿ. ಇದೆ. ನಾನು ಚಿತ್ರದುರ್ಗದಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಹಕ್ಕಿ ಪಟ್ಟಿ ಬರೆಯುವುದನ್ನು ಹುಡುಗರಿಗೆ ಕಲಿಸುವುದನ್ನು ಇನ್ನೂ ಬಿಟ್ಟಿಲ್ಲ. ನಗರಸಭೆ, ತಾಲೂಕು ಕಚೇರಿಗಳ ಬಾಗಿಲನ್ನೂ ಸಾಕಷ್ಟು ತಟ್ಟಿದ್ದೇನೆ. ಎರಡೂ ಕಡೆ ನನಗೆ ಕಂಡಿದ್ದು ಒಂದೇ: ನೋಡಿದ್ದನ್ನು ತಾರೀಖು ಹಾಕಿ ಬರೆದಿಡುವವರಿಗೆ ಬೆಲೆ ಇದೆ. ನೀವು ದಿನಾ ಒಂದೇ ಜಾಗಕ್ಕೆ ಹೋಗುತ್ತೀರಿ. ಇಂಜಿನಿಯರು ಹೋಗುವುದಿಲ್ಲ, ಪತ್ರಕರ್ತರು ಹೋಗುವುದಿಲ್ಲ, ಕಾರ್ಪೊರೇಟರ್ ಅಂತೂ ಹೋಗುವುದಿಲ್ಲ. ಅದೇ ನಿಮ್ಮ ಬಲ. ಹಾಗಾಗಿ ಮೊದಲ ಕೆಲಸ ಒಂದು ನೋಟ್‌ಬುಕ್ ತರುವುದು. ಮಗಳ ಹಳೇ ಸ್ಕೂಲ್ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳೂ ಆದೀತು.

ಅದರಲ್ಲಿ ಏನು ಬರೆಯಬೇಕು? ತಾರೀಖು, ಹೊತ್ತು, ಏರಿಯ ಯಾವ ಭಾಗ, ಯಾವ ಹಕ್ಕಿ, ಸುಮಾರು ಎಷ್ಟು. ಹೆಸರು ಗೊತ್ತಿಲ್ಲದಿದ್ದರೆ 'ಕಂದು ಬಣ್ಣ, ಬಾಲ ಕುಣಿಸುತ್ತಿತ್ತು, ಪಾರಿವಾಳಕ್ಕಿಂತ ಸಣ್ಣದು' ಅಂತ ಬರೆದರೂ ಸಾಕು. ಅದರ ಜೊತೆಗೆ ನೀರಿನ ಮಟ್ಟವನ್ನೂ ಬರೆಯಿರಿ. ತೂಬಿನ ಹತ್ತಿರವೋ ಮೆಟ್ಟಿಲ ಹತ್ತಿರವೋ ಒಂದು ಗುರುತು ಇಟ್ಟುಕೊಂಡು, ಇವತ್ತು ಎಷ್ಟು ಮೆಟ್ಟಿಲು ಕಾಣುತ್ತಿದೆ ಅಂತ ನೋಡಿದರೆ ಆಯಿತು. ಹಕ್ಕಿ ನೋಡುವವರು ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಕೆರೆಯಲ್ಲಿ ಬಿಡಬಾರದು.

ಯಾಕೆಂದರೆ ಕುಂದುವಾಡ ಕೆರೆ ಬರೀ ವಾಕಿಂಗ್ ಜಾಗ ಅಲ್ಲವಲ್ಲ. ದಾವಣಗೆರೆಯ ನಲ್ಲಿಗಳಿಗೆ ನೀರು ಕೊಡುವ ಕೆರೆಗಳಲ್ಲಿ ಅದೂ ಒಂದು. ಟಿ.ವಿ. ಸ್ಟೇಷನ್ ಕೆರೆಯೂ ಹಾಗೆಯೇ. ಭದ್ರಾ ನಾಲೆಯಲ್ಲಿ ನೀರು ಬಿಟ್ಟಾಗ ತುಂಬಿಸಿಕೊಂಡು, ನಾಲೆ ನಿಂತ ಮೇಲೆ ಅದನ್ನು ಊರಿಗೆ ಬಳಸುತ್ತಾರೆ. ಆದ್ದರಿಂದ ಅಲ್ಲಿ ನೀರು ಏರುವುದಕ್ಕೂ ನಿಮ್ಮ ಮನೆ ಮುಂದೆ ಬಿದ್ದ ಮಳೆಗೂ ಅಷ್ಟೇನೂ ಸಂಬಂಧ ಇರುವುದಿಲ್ಲ. ಮಳೆ ಭದ್ರಾ ಜಲಾಶಯದ ಮೇಲ್ಗಡೆ, ಮಲೆನಾಡಿನಲ್ಲಿ ಬೀಳಬೇಕು. ನಾಲೆ ಬಿಟ್ಟ ತಾರೀಖು, ನಿಲ್ಲಿಸಿದ ತಾರೀಖು ಪೇಪರಿನಲ್ಲಿ ಬರುತ್ತದೆ. ಇಲ್ಲದಿದ್ದರೆ ಅಚ್ಚುಕಟ್ಟಿನ ರೈತರನ್ನೋ ನಾಲೆಯ ನೀರು ಬಿಡುವ ಸೌಡಿಗಳನ್ನೋ ಕೇಳಿದರೆ ಗಂಟೆ ಸಮೇತ ಹೇಳುತ್ತಾರೆ. ಅದನ್ನೂ ನೋಟ್‌ಬುಕ್ಕಿಗೆ ಸೇರಿಸಿ. ಒಂದು ವರ್ಷ ಆಗುವುದರೊಳಗೆ ನಿಮ್ಮ ನಲ್ಲಿಯ ಕಥೆ ನಿಮಗೆ ನಿಮ್ಮ ಬೀದಿಯ ಎಲ್ಲರಿಗಿಂತ ಜಾಸ್ತಿ ಗೊತ್ತಿರುತ್ತದೆ.

ಈಗ ಹಕ್ಕಿಗೆ ಬರೋಣ. ಹೊಸಬರು ಬೇಗ ಗಾಬರಿಯಾಗುವ ಒಂದು ವಿಷಯ ಹೇಳಿಬಿಡುತ್ತೇನೆ. ಕೆರೆ ತುಂಬಿದಾಗ ಹಕ್ಕಿ ಕಡಿಮೆಯಾದಂತೆ ಕಾಣುತ್ತದೆ. 'ಕೆರೆ ಕೆಟ್ಟುಹೋಯ್ತು, ಹಕ್ಕಿ ಓಡಿಹೋದವು' ಅಂತ ವಾಟ್ಸಾಪಿನಲ್ಲಿ ಹಾಕಿಬಿಡುತ್ತಾರೆ. ಹಾಗಲ್ಲ. ಆಳ ನೀರು ಮುಳುಗಿ ಮೀನು ಹಿಡಿಯುವ ಹಕ್ಕಿಗೆ ಸರಿ. ನೀರುಕಾಗೆ, ಗುಳುಮುಳುಕ ಅಂಥವು ಆಗ ಇರುತ್ತವೆ. ಕಾಲೂರಿ ನಡೆದು ತಿನ್ನುವ ಬಣ್ಣದ ಕೊಕ್ಕರೆ, ಚಮಚಕೊಕ್ಕು, ಬೆಳ್ಳಕ್ಕಿಗಳಿಗೆ ಕಾಲು ಮುಳುಗುವಷ್ಟೇ ನೀರು ಬೇಕು. ನೀರು ಇಳಿದು ಅಂಚಿನ ಕೆಸರು ಕಂಡಾಗ ಅವು ತಾವಾಗಿಯೇ ಇಳಿಯುತ್ತವೆ. ಇನ್ನು ಚಳಿಗಾಲದ ಬಾತುಗಳು ಬೇರೆ ಲೆಕ್ಕ. ಉತ್ತರದಿಂದ ಬಂದು ಮಾರ್ಚ್ ಹೊತ್ತಿಗೆ ಹಿಂದಿರುಗುವ ಅತಿಥಿಗಳು ಅವು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತನ್ನು ನೋಡುವ ಆಸೆ ಇದ್ದರೆ ಒಂದು ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಬನ್ನಿ. ಡಿಸೆಂಬರ್, ಜನವರಿಯಲ್ಲಿ ಹೋಗಬೇಕು.

ಇನ್ನೊಂದು ಹಕ್ಕಿಯನ್ನು ಗುರುತು ಮಾಡಿಕೊಳ್ಳಿ: ಮೆಟ್ಟುಗಾಲು ಹಕ್ಕಿ. ಕಪ್ಪು ರೆಕ್ಕೆ, ಬಿಳಿ ಹೊಟ್ಟೆ, ಮೈಗೆ ಹೊಂದದಷ್ಟು ಉದ್ದನೆಯ ಗುಲಾಬಿ ಕಾಲು. ನೋಡೋಕೆ ಬಹಳ ಚೆಂದ. ಆದರೆ ಅದು ಕೊಳಚೆ ನೀರನ್ನೂ ತಡೆದುಕೊಂಡು ಬದುಕುತ್ತದೆ. ಅವು ಒಂದೇ ಮೂಲೆಯಲ್ಲಿ ಹಿಂಡುಗಟ್ಟಿ ನಿಲ್ಲತೊಡಗಿದರೆ ಆ ಮೂಲೆಗೆ ಒಮ್ಮೆ ನಡೆದು ಹೋಗಿ. ವಾಸನೆ ಇದೆಯಾ, ನೊರೆ ಇದೆಯಾ, ನೀರು ಕಪ್ಪಗಿದೆಯಾ ನೋಡಿ. ಹಕ್ಕಿ ಬಂದ ಮಾತ್ರಕ್ಕೆ ಚರಂಡಿ ಸೇರಿದೆ ಅಂತ ತೀರ್ಮಾನ ಮಾಡಬೇಡಿ. ಅದಕ್ಕೆ ಬೇಕಿರುವುದು ತೆಳು ನೀರು ಅಷ್ಟೇ, ಶುದ್ಧ ಕೆರೆಯ ಅಂಚಿನಲ್ಲೂ ಇರುತ್ತದೆ.

ಬರೆದದ್ದು ಎಲ್ಲಿಗೆ ಹೋಗುತ್ತದೆ ಅಂತ ಕೇಳಬಹುದು. ಮೊಬೈಲಿನಲ್ಲಿ ಇ-ಬರ್ಡ್ ಅಂತ ಒಂದು ಆ್ಯಪ್ ಇದೆ, ದುಡ್ಡು ಕೊಡಬೇಕಿಲ್ಲ. ನಿಮ್ಮ ಪಟ್ಟಿಯನ್ನು ಅಲ್ಲಿ ಹಾಕಿದರೆ ಜಗತ್ತಿನ ಎಲ್ಲರ ಪಟ್ಟಿಯ ಜೊತೆ ಸೇರುತ್ತದೆ. 2023ರಲ್ಲಿ ನಮ್ಮ ದೇಶದ ಹಕ್ಕಿಗಳ ಸ್ಥಿತಿ ಬಗ್ಗೆ ಒಂದು ದೊಡ್ಡ ವರದಿ ಬಂತು. 942 ಜಾತಿಯ ಹಕ್ಕಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅದಕ್ಕೆ ಆಧಾರ ಸುಮಾರು 3 ಕೋಟಿ ದಾಖಲೆಗಳು, ಬರೆದವರು 30,000ಕ್ಕೂ ಜಾಸ್ತಿ ಜನ. ಅವರಲ್ಲಿ ಬಹುತೇಕರು ವಿಜ್ಞಾನಿಗಳಲ್ಲ. ಬ್ಯಾಂಕಿನವರು, ಟೀಚರುಗಳು, ಗೃಹಿಣಿಯರು, ಕಾಲೇಜು ಹುಡುಗರು. ಕಡಿಮೆಯಾಗುತ್ತಿರುವ ಹಕ್ಕಿಗಳ ಸಾಲಿನಲ್ಲಿ ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇದೆ ಅಂತ ಆ ವರದಿಯಿಂದ ತಿಳಿಯಿತು. ದಾವಣಗೆರೆ–ಜಗಳೂರು ರಸ್ತೆಯ ಕರೆಂಟ್ ತಂತಿ ಮೇಲೆ ಕಂಡಾಗ 'ಇದೇನು ದಿನಾ ಇರೋದೇ' ಅಂತ ಬಿಟ್ಟುಬಿಡುತ್ತೇವಲ್ಲ, ಅದೇ ಹಕ್ಕಿ. ದಿನಾ ಇರುವುದನ್ನು ಬರೆಯದೆ ಹೋದರೆ ಅದು ಇಲ್ಲವಾದಾಗ ತೋರಿಸೋಕೆ ಏನೂ ಉಳಿಯುವುದಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಕನಿಷ್ಠ 15 ನಿಮಿಷ ನೋಡಿ ಬರೆದರೆ ಸಾಕು. ಶುರು ಮಾಡೋಕೆ ಅದು ಒಳ್ಳೇ ಹೊತ್ತು, ಮಗಳಿಗೂ ಖುಷಿ.

ಬರೆದಿಡುವುದರ ಬೆಲೆ ಗೊತ್ತಾಗೋಕೆ ನಮ್ಮ ಜಿಲ್ಲೆಯದೇ ಒಂದು ಸಂಗತಿ ಇದೆ. ನಿಮ್ಮ ತವರಿನ ಕಡೆಯಿಂದ ವೇದಾವತಿ ಹರಿದು ಬಂದು ಸೇರುವ ವಾಣಿ ವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ. ಕಟ್ಟಿ ಮುಗಿದಿದ್ದು 1907ರ ಹೊತ್ತಿಗೆ. 130 ಅಡಿಗೆ ಭರ್ತಿ. ಅದು ಕೋಡಿ ಬಿದ್ದಿದ್ದು 1933ರಲ್ಲಿ. ಆಮೇಲೆ 2022ರಲ್ಲಿ, 89 ವರ್ಷದ ನಂತರ. ಮೂರನೇ ಸಲ 2025ರ ಜನವರಿಯಲ್ಲಿ. ಜನ ಜಾತ್ರೆಗೆ ಹೋದಂತೆ ನೋಡೋಕೆ ಹೋದರು, ನಾನೂ ಹೋಗಿದ್ದೆ. 89 ವರ್ಷ ಅಂತ ಟಿ.ವಿ.ಯವರು ಕೂಗಿ ಹೇಳಿದರು. ಆ 89 ಎಲ್ಲಿಂದ ಬಂತು? ಮಟ್ಟದ ಪಟ್ಟಿ ನೋಡಿ ದಿನಾ ಒಂದು ಅಂಕಿ ಬರೆದಿಟ್ಟ ಗುಮಾಸ್ತರಿಂದ, ವಾಚ್‌ಮನ್‌ಗಳಿಂದ. ಬರಗಾಲದ ವರ್ಷಗಳಲ್ಲೂ ಅವರು ಬರೆದಿದ್ದಾರೆ.

ಇನ್ನು ಕಸ. ನಿಮಗೆ ನಿಜವಾಗಿ ಕೊರೆಯುತ್ತಿರುವುದು ಇದೇ ಅಲ್ವಾ?

ಬಹಳಷ್ಟು ಜನ ಮೊದಲು ಮಾಡುವುದು ಶ್ರಮದಾನ. ಭಾನುವಾರ ಬೆಳಗ್ಗೆ ಎಲ್ಲರೂ ಟೀ ಶರ್ಟು ಹಾಕಿಕೊಂಡು ಬಂದು, ಎರಡು ತಾಸು ಕಸ ಆರಿಸಿ, ಫೋಟೊ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಹೋಗುತ್ತಾರೆ. ಅದು ತಪ್ಪು ಅನ್ನುತ್ತಿಲ್ಲ. ಮಕ್ಕಳಿಗೆ ಕಸ ಮುಟ್ಟಿದ ಅನುಭವ ಆಗುತ್ತದೆ, ಅದೂ ಬೇಕು. ಆದರೆ ಮುಂದಿನ ಗುರುವಾರದ ಹೊತ್ತಿಗೆ ಅಲ್ಲಿ ಮತ್ತೆ ಅಷ್ಟೇ ಕಸ ಇರುತ್ತದೆ. ಕಸ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಆರಿಸುವುದು ನಲ್ಲಿ ಬಿಟ್ಟು ನೆಲ ಒರೆಸಿದ ಹಾಗೆ.

ಚಿತ್ರದುರ್ಗದ ಕಡೆ ಒಂದು ಕೆರೆ. ಹೆಸರು ಬೇಡ. ಅಲ್ಲಿ ದಿನಾ ನಡೆಯಲು ಬರುತ್ತಿದ್ದ ಕೆಲವರು ನನ್ನ ಮಾತು ಕೇಳಿ ಕಸವನ್ನೂ ನೋಟ್‌ಬುಕ್ಕಿಗೆ ಹಾಕತೊಡಗಿದರು. ಯಾವ ದಿನ, ಯಾವ ಜಾಗ, ಯಾವ ಥರದ್ದು. ಬರೆಯುತ್ತಾ ಹೋದಾಗ ಒಂದು ವಿಷಯ ಎದ್ದು ಕಂಡಿತು. ಕಾಗದದ ಲೋಟ, ಊಟದ ತಟ್ಟೆಗಳ ರಾಶಿ ಬೀಳುತ್ತಿದ್ದಿದ್ದು ದಿನಾ ಅಲ್ಲ, ಕೆಲವೇ ದಿನ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇಟ್ಟುಕೊಂಡು ನೋಡಿದರೆ ಎಲ್ಲವೂ ಮದುವೆ ಮುಹೂರ್ತದ ಮಾರನೇ ದಿನ! ಆಷಾಢದಲ್ಲಿ ರಾಶಿಯೇ ಇಲ್ಲ. ಛತ್ರದ ಅಡುಗೆ ಕಂಟ್ರಾಕ್ಟರನ ಆಳುಗಳು ರಾತ್ರಿ ಗೂಡ್ಸ್ ಆಟೊದಲ್ಲಿ ತಂದು ಸುರಿಯುತ್ತಿದ್ದರು. ಯಾಕೆ ಅಂದರೆ ಕಸದ ಟಿಪ್ಪರ್ ಬರುವುದು ಬೆಳಗ್ಗೆ, ಛತ್ರವನ್ನು ಮುಂದಿನ ಮದುವೆಯವರಿಗೆ ಬಿಟ್ಟುಕೊಡಬೇಕಾಗಿದ್ದು ರಾತ್ರಿಯೇ. ಅಷ್ಟು ಗೊತ್ತಾದ ಮೇಲೆ ಹೋರಾಟ ಏನೂ ಬೇಕಾಗಲಿಲ್ಲ. ಇಬ್ಬರು ಹೋಗಿ ಛತ್ರದವರ ಜೊತೆ ಮಾತಾಡಿದರು, ಆರೋಗ್ಯ ನಿರೀಕ್ಷಕರ ಜೊತೆ ಮಾತಾಡಿದರು. ಮುಹೂರ್ತದ ದಿನ ರಾತ್ರಿ ಟಿಪ್ಪರ್ ಕಳಿಸುವ ವ್ಯವಸ್ಥೆ ಆಯಿತು, ಛತ್ರದವರು ಅದಕ್ಕೆ ದುಡ್ಡು ಕಟ್ಟುತ್ತಾರೆ. ಪೂರ್ತಿ ನಿಂತಿತು ಅಂತ ಹೇಳಲ್ಲ. ಬಹಳ ಕಡಿಮೆಯಾಯಿತು.

ನಿಮ್ಮಲ್ಲಿ ಕಾರಣ ಬೇರೆ ಇರಬಹುದು. ಮೀನಿಗೆ ಹಾಕೋಕೆ ಅಂತ ಮಂಡಕ್ಕಿ ತಂದು, ಮಂಡಕ್ಕಿಯ ಜೊತೆ ಕವರನ್ನೂ ನೀರಿಗೆ ಬಿಡುವವರು ಇರಬಹುದು. ಪೂಜೆಯ ಹೂವು, ಹಳೇ ದೇವರ ಫೋಟೊ ತಂದು ಹಾಕುವವರು ಇರಬಹುದು. ಸಂಜೆ ಕುಡಿಯೋಕೆ ಬರುವವರು ಇರಬಹುದು. ಈ ಮೂವರಿಗೂ ಮದ್ದು ಬೇರೆ ಬೇರೆ. ಮಂಡಕ್ಕಿಯವರಿಗೆ ಒಂದು ಒಳ್ಳೇ ಮಾತು ಸಾಕು. ಪೂಜೆಯವರಿಗೆ ಏರಿಯ ಬುಡದಲ್ಲಿ ಒಂದು ತೊಟ್ಟಿ ಇಟ್ಟರೆ ಅಲ್ಲೇ ಹಾಕುತ್ತಾರೆ, ಬಯ್ದರೆ ಜಗಳ ಆಗುತ್ತದೆ. ಕುಡಿಯುವವರ ಕೆಲಸ ಪೊಲೀಸರದು. ನೀವು ಆ ಹೊತ್ತಿನಲ್ಲಿ ಆ ಕಡೆ ಹೋಗಲೇಬೇಡಿ.

ಇಲ್ಲೇ ಒಂದು ಎಚ್ಚರಿಕೆ. ಟ್ರ್ಯಾಕ್ಟರ್ ತಂದು ಕಟ್ಟಡದ ಮಣ್ಣು ಸುರಿಯುವವರನ್ನು ಒಬ್ಬರೇ ನಿಂತು ತಡೆಯಬೇಡಿ, ಅವರ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೊ ಮಾಡಬೇಡಿ. ದೂರದಿಂದ ನಂಬರ್ ನೋಡಿಕೊಂಡು, ಹೊತ್ತು ಬರೆದುಕೊಂಡು, ಮನೆಗೆ ಬಂದು ದೂರು ಕೊಡಿ. ಧೈರ್ಯ ತೋರಿಸೋಕೆ ಬೇರೆ ಜಾಗ ಬೇಕಾದಷ್ಟಿದೆ.

ದೂರು ಎಲ್ಲಿ ಕೊಡಬೇಕು? ಮೊದಲು ಮಹಾನಗರ ಪಾಲಿಕೆಗೆ, ಬರಹದಲ್ಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಈ ಸೀಲು ಇಲ್ಲದ ದೂರು ದೂರೇ ಅಲ್ಲ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ಫೋನ್ ಮಾಡಬಹುದು, ಅವರು ಕೊಡುವ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. 'ಕೆರೆ ತುಂಬಾ ಗಲೀಜಾಗಿದೆ, ದಯವಿಟ್ಟು ಕ್ರಮ ಕೈಗೊಳ್ಳಿ' ಅಂತ ಬರೆದರೆ ಏನೂ ಆಗುವುದಿಲ್ಲ. ಅಧಿಕಾರಿ ಎಲ್ಲಿಗೆ ಹೋಗಿ ನೋಡಬೇಕು? 'ತೂಬಿನಿಂದ ಸ್ವಲ್ಪ ಮುಂದೆ, ಎಡಗಡೆ ಬೇವಿನ ಮರದ ಬುಡದಲ್ಲಿ, ಇಂಥಿಂಥ ತಾರೀಖುಗಳಂದು ಬೆಳಗ್ಗೆ ಊಟದ ತಟ್ಟೆಗಳ ರಾಶಿ ಕಂಡಿದ್ದೇನೆ, ಫೋಟೊ ಲಗತ್ತಿಸಿದೆ' ಅಂತ ಬರೆಯಿರಿ. ಕಸವನ್ನು ಬೀದಿಗೆ, ಚರಂಡಿಗೆ, ಕೆರೆಗೆ ಎಸೆಯುವುದನ್ನೂ ಬಯಲಲ್ಲಿ ಸುಡುವುದನ್ನೂ ಘನತ್ಯಾಜ್ಯ ನಿಯಮ ನಿಷೇಧಿಸುತ್ತದೆ. ಆ ಸಾಲನ್ನೂ ಸೇರಿಸಿ. ಸುಡುವ ಮಾತು ಯಾಕೆ ಹೇಳಿದೆ ಅಂದರೆ, ಎಷ್ಟೋ ಕಡೆ ದೂರು ಬಂದ ಕೂಡಲೇ ಸಿಬ್ಬಂದಿ ಮಾಡುವ ಮೊದಲ ಕೆಲಸ ಅದಕ್ಕೆ ಬೆಂಕಿ ಇಡುವುದು.

ಉತ್ತರ ಬರದೇ ಇದ್ದರೆ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆ. ನಮ್ಮ ರಾಜ್ಯದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇದು ಕರ್ನಾಟಕದ ನಿಯಮ, ಇದು ತಿಳಿಯದೆ ಉದ್ದುದ್ದ ಬರೆದು ತಿರಸ್ಕಾರ ಮಾಡಿಸಿಕೊಂಡವರು ಬಹಳ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. 'ಯಾಕೆ ಸ್ವಚ್ಛ ಮಾಡಿಲ್ಲ' ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಅವರು ಉತ್ತರ ಕೊಡಬೇಕಿಲ್ಲ. ಕಾಗದ ಕೇಳಿ. 'ಕೆರೆ ದಂಡೆಯ ಸ್ವಚ್ಛತೆಗಾಗಿ ಕಳೆದ ಆರ್ಥಿಕ ವರ್ಷದಲ್ಲಿ ನೀಡಿದ ಕಾರ್ಯಾದೇಶದ ಪ್ರತಿ ಕೊಡಿ' ಅನ್ನಿ. ಇನ್ನೊಂದು ಅರ್ಜಿಯಲ್ಲಿ 'ಈ ಕೆರೆಯ ನೀರಿನ ಪರೀಕ್ಷಾ ವರದಿಗಳ ಪ್ರತಿ' ಕೇಳಿ. ಕುಡಿಯುವ ನೀರಿನ ಕೆರೆ ಆದ್ದರಿಂದ ಈ ಎರಡನೇ ಅರ್ಜಿಗೆ ತೂಕ ಜಾಸ್ತಿ.

ಇಷ್ಟೆಲ್ಲ ಮಾಡೋಕೆ ನಿಮಗೆ ಯಾವ ಹಕ್ಕಿದೆ ಅಂತ ಯಾರಾದರೂ ಕೇಳಿದರೆ ಸಂವಿಧಾನದ 51ಎ ವಿಧಿ ನೆನಪಿಡಿ. 1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಮೂಲಭೂತ ಕರ್ತವ್ಯಗಳನ್ನು ಸೇರಿಸಿದರು. ಆಗ 10 ಇದ್ದವು, 2002ರಲ್ಲಿ ಮಕ್ಕಳ ಶಿಕ್ಷಣದ್ದು ಸೇರಿ 11 ಆಯಿತು. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು, ಜೀವಿಗಳ ಮೇಲೆ ದಯೆ ಇಡುವುದು ಅದರಲ್ಲಿ ಒಂದು. ಕೆರೆಯ ಹೆಸರನ್ನೇ ಎತ್ತಿ ಹೇಳಿದ್ದಾರೆ ನೋಡಿ. ಇದನ್ನು ಮಾಡದಿದ್ದರೆ ಈ ವಿಧಿಯಡಿ ನೇರ ಶಿಕ್ಷೆ ಏನೂ ಇಲ್ಲ. ಮಾಡುವವರಿಗೆ ಮಾತ್ರ ಒಂದು ಆಸರೆ.

ವಾರ್ಡ್ ಸಮಿತಿ ಬಗ್ಗೆಯೂ ಒಂದು ಮಾತು. 3 ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ, 243ಎಸ್ ವಿಧಿ. 2011ರ ಜನಗಣತಿಯಲ್ಲೇ ನಿಮ್ಮ ಊರು 4 ಲಕ್ಷ ದಾಟಿದೆ. ನಮ್ಮ ಚಿತ್ರದುರ್ಗ ಇನ್ನೂ ಅಷ್ಟು ದೊಡ್ಡದಲ್ಲ, ನಮಗೆ ಆ ಅವಕಾಶ ಇಲ್ಲ. ನಿಮಗೆ ಇದೆ. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯಾ, ಯಾವಾಗ ಸೇರುತ್ತದೆ ಅಂತ ಪಾಲಿಕೆಯಲ್ಲಿ ಕೇಳಿ. ಭಾಷಣ ಮಾಡಬೇಕಿಲ್ಲ, ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡು ಬಂದರೂ ಆಯಿತು.

ಹಕ್ಕಿ ನೋಡುವವರು ಮುಂದೆ ಎಂದಾದರೂ ಬಾಯಿ ಬಿಡಲೇಬೇಕಾದ ಸಂದರ್ಭ ಒಂದಿದೆ. ಅದು ಕೆರೆ ಅಭಿವೃದ್ಧಿ. ಯಾವ ಊರಿನಲ್ಲೇ ಆಗಲಿ, ಅಭಿವೃದ್ಧಿ ಅಂದ ಕೂಡಲೇ ಸುತ್ತಲೂ ಕಲ್ಲು ಕಟ್ಟುತ್ತಾರೆ, ಇಂಟರ್‌ಲಾಕ್ ಹಾಸುತ್ತಾರೆ, ಬಣ್ಣದ ಲೈಟು ಹಾಕುತ್ತಾರೆ. ಏರಿಗೆ ಕಲ್ಲು ಬೇಕು ನಿಜ, ಇಲ್ಲದಿದ್ದರೆ ಅಲೆಗೆ ಮಣ್ಣು ಕೊಚ್ಚಿಹೋಗುತ್ತದೆ. ಆದರೆ ಏರಿ ಇಲ್ಲದ ಕಡೆಯ ಇಳಿಜಾರು ಅಂಚಿಗೂ ಕಲ್ಲು ಕಟ್ಟಿದರೆ ತೆಳು ನೀರೇ ಇಲ್ಲವಾಗುತ್ತದೆ. ಕೊಕ್ಕರೆ ನಿಲ್ಲುವುದೆಲ್ಲಿ? ಜೊಂಡು ಕಿತ್ತರೆ ನಾಮಕೋಳಿ ಗೂಡು ಕಟ್ಟುವುದೆಲ್ಲಿ? ರಾತ್ರಿಯೆಲ್ಲ ಲೈಟು ಉರಿದರೆ ಮರದಲ್ಲಿ ಮಲಗುವ ಬೆಳ್ಳಕ್ಕಿಗಳ ಗತಿ ಏನು? ಇಂಥ ಯೋಜನೆ ಬಂದಾಗ 'ಇಲ್ಲಿ ಇಂಥ ತಿಂಗಳಲ್ಲಿ ಇಷ್ಟು ಹಕ್ಕಿ, ಈ ಅಂಚಿನಲ್ಲಿ' ಅಂತ ತೋರಿಸುವ ಪಟ್ಟಿ ಒಬ್ಬರ ಹತ್ತಿರವಾದರೂ ಇದ್ದರೆ ನಕ್ಷೆ ಬದಲಾಯಿಸಿ ಅಂತ ಕೇಳೋಕೆ ಬಾಯಿ ಬರುತ್ತದೆ. ಬರೀ ಭಾವನೆಯಿಂದ ಕೇಳಿದರೆ ಇಂಜಿನಿಯರು ನಕ್ಕು ಕಳಿಸುತ್ತಾರೆ.

ನಮ್ಮ ಹಿರಿಯರು ನೀರಿನ ಕೆಲಸವನ್ನು ಎಷ್ಟು ನೋಡಿ ಮಾಡಿದ್ದರು ಅನ್ನುವುದಕ್ಕೆ ಒಮ್ಮೆ ಚಿತ್ರದುರ್ಗದ ಕೋಟೆಗೆ ಬನ್ನಿ, ಮಳೆಗಾಲದಲ್ಲಿ. ಎಲ್ಲರೂ ಓಬವ್ವನ ಕಿಂಡಿ ನೋಡಿ ಹೋಗುತ್ತಾರೆ. ನೀವು ಗೋಪಾಲಸ್ವಾಮಿ ಹೊಂಡದಿಂದ ಶುರು ಮಾಡಿ. ಅದು ತುಂಬಿದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ನೀರು ಯಾವ ಕಡೆ ಜಾರುತ್ತದೆ ಅಂತ ಕೂತು ನೋಡದೆ ಇದನ್ನು ಮಾಡೋಕೆ ಆಗುತ್ತಿರಲಿಲ್ಲ. ಕೋಟೆಯಲ್ಲಿ ನವಿಲು, ಕಾಜಾಣ, ಮಿಂಚುಳ್ಳಿಯೂ ಸಿಗುತ್ತವೆ. ಪಕ್ಕದ ಜೋಗಿಮಟ್ಟಿಗೆ ಹೋದರೆ ಹಕ್ಕಿ ಇನ್ನೂ ಜಾಸ್ತಿ.

ಮನೆಯ ವಿಷಯ. ಇದಕ್ಕೆ ನಾನು ಎಷ್ಟು ತಜ್ಞನೋ ಗೊತ್ತಿಲ್ಲ, ನಮ್ಮ ಮನೆಯಾಕೆ ಓದಿದರೆ ನಗುತ್ತಾಳೆ. ಅತ್ತೆಯವರಿಗೆ ದೋಸೆ ನಿಜವಾದ ತಕರಾರು ಅಲ್ಲ ಅನ್ನಿಸುತ್ತದೆ. ಸೊಸೆ ಹೊಸದೇನೋ ಮಾಡುತ್ತಿದ್ದಾಳೆ, ತನಗೆ ಅದರಲ್ಲಿ ಪಾಲಿಲ್ಲ. ಅವರು ಹಳ್ಳಿಯಲ್ಲಿ ಬೆಳೆದವರಾದರೆ ನಿಮಗಿಂತ ಜಾಸ್ತಿ ಹಕ್ಕಿ ಗೊತ್ತಿರುತ್ತವೆ. ಸಂಜೆ ನೋಟ್‌ಬುಕ್ ತೆಗೆದು 'ಅತ್ತೇ, ಬಾಲ ಕುಣಿಸ್ತಾ ನೀರಿನ ಪಕ್ಕ ಓಡಾಡುತ್ತಲ್ಲ, ನಿಮ್ಮೂರ ಕಡೆ ಅದಕ್ಕೆ ಏನಂತೀರಿ' ಅಂತ ಕೇಳಿ ನೋಡಿ. ಅವರೂರ ಕೆರೆಯಲ್ಲಿ ಹೊಲಗಳಿಗೆ ನೀರು ಬಿಡುವ ನೀರುಗಂಟಿ ಯಾರಿದ್ದರು, ಹೂಳು ಯಾವಾಗ ಎತ್ತುತ್ತಿದ್ದರು, ಗಾಡಿ ಕಟ್ಟಿಕೊಂಡು ಆ ಮಣ್ಣನ್ನು ಯಾರ ಹೊಲಕ್ಕೆ ಹೊಡೆದರು ಅಂತಲೂ ಕೇಳಿ, ಅದನ್ನೂ ಬರೆದುಕೊಳ್ಳಿ. ಒಂದು ದಿನ ಆಟೊದಲ್ಲಿ ಕರೆದುಕೊಂಡು ಹೋಗಿ ಏರಿ ಮೇಲಿನ ಬೆಂಚಿನ ಮೇಲೆ ಕೂರಿಸಿ. ಆಮೇಲೂ ಮುಖ ಊದಿಸಿಕೊಂಡರೆ, ವಾರದಲ್ಲಿ ಎರಡು ದಿನ ದೋಸೆ ಹುಯ್ಯುವ ಕೆಲಸ ಯಜಮಾನರಿಗೆ ಒಪ್ಪಿಸಿ. ಬಟ್ಟೆ ಅಂಗಡಿಯ ಬಾಗಿಲು ತೆಗೆಯುವುದು ಹತ್ತು ಗಂಟೆಗೆ ಅಲ್ವಾ?

ದುರ್ಬೀನು ಕೊಳ್ಳೋಕೆ ಅವಸರ ಮಾಡಬೇಡಿ. ಮೊದಲ ಆರು ತಿಂಗಳು ಬರಿಗಣ್ಣು ಸಾಕು. ಆಮೇಲೂ ಹುಚ್ಚು ಇಳಿಯದಿದ್ದರೆ 8x42 ಅಂತ ಬರೆದಿರುವುದನ್ನು ತಗೊಳ್ಳಿ, ಅಂದರೆ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವುದು, ಮುಂದಿನ ಗಾಜು 42 ಮಿ.ಮೀ. ಜಾಸ್ತಿ ದೊಡ್ಡದು ಮಾಡಿ ತೋರಿಸುವುದು ಕೈ ನಡುಗಿದಾಗ ಏನೂ ಕಾಣಿಸುವುದಿಲ್ಲ. ಗೂಡಿನ ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ, ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಹಕ್ಕಿಯನ್ನು ಕರೆಯಬೇಡಿ. ಅದಕ್ಕೆ ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅನ್ನಿಸಿ ಕಂಗಾಲಾಗುತ್ತದೆ.

ಕೊನೆಗೆ ವೋಟು. ಇದನ್ನು ಇದೇ ವಾರ ಮಾಡಿ ಮುಗಿಸಿ. ಮದುವೆಯಾಗಿ ಊರು ಬಿಟ್ಟ ಹೆಣ್ಣುಮಕ್ಕಳ ಹೆಸರು ತವರಿನ ಪಟ್ಟಿಯಲ್ಲೇ ಉಳಿಯುವುದು ನಮ್ಮ ಕಡೆ ಮಾಮೂಲು. ಹೊಸದಾಗಿ ಹೆಸರು ಸೇರಿಸುವ ನಮೂನೆ 6 ತುಂಬಬೇಡಿ, ಎರಡು ಕಡೆ ಹೆಸರಾಗಿ ತಾಪತ್ರಯ ಆಗುತ್ತದೆ. ವಿಳಾಸ ಬದಲಾದವರಿಗೆ ನಮೂನೆ 8 ಇದೆ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಮನೆಯಲ್ಲೇ ಕೂತು ತುಂಬಬಹುದು, ಇಲ್ಲ ನಿಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ ಬಿ.ಎಲ್.ಒ. ಹತ್ತಿರ ಕೊಡಬಹುದು. ದಾವಣಗೆರೆ ವಿಳಾಸಕ್ಕೆ ಒಂದು ದಾಖಲೆ ಬೇಕು. ಆಧಾರ್‌ನಲ್ಲಿ ಇನ್ನೂ ಹೊಸದುರ್ಗದ ವಿಳಾಸವೇ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಅನುಮಾನ ಇದ್ದರೆ 1950ಕ್ಕೆ ಫೋನ್ ಮಾಡಿ. ಅರ್ಜಿಯ ನಂಬರ್ ಬಂದ ಮೇಲೆ ಸುಮ್ನೆ ಬಿಡಬೇಡಿ, ಪಟ್ಟಿಯಲ್ಲಿ ಹೆಸರು ಬಂತಾ, ಸ್ಪೆಲಿಂಗ್ ಸರಿ ಇದೆಯಾ ಅಂತ ಒಮ್ಮೆ ನೋಡಿ. ಪಾಲಿಕೆ ಚುನಾವಣೆಯ ಮತದಾರರ ಪಟ್ಟಿಯನ್ನೂ ವಿಧಾನಸಭೆಯ ಪಟ್ಟಿ ಇಟ್ಟುಕೊಂಡೇ ಮಾಡುತ್ತಾರೆ. ಹಾಗಾಗಿ ಹೆಸರು ಹೊಸದುರ್ಗದಲ್ಲಿ ಇರುವ ತನಕ ನಿಮ್ಮ ವಾರ್ಡಿನ ಕಾರ್ಪೊರೇಟರ್ ನಿಮ್ಮನ್ನು ಮತದಾರಳು ಅಂತ ಎಣಿಸುವುದಿಲ್ಲ. ಮನೆ ಬಾಡಿಗೆಯದಾದರೆ ಕರಾರು ಪತ್ರ ಜೊತೆಗಿಟ್ಟುಕೊಂಡು ಹೋಗಿ.